ಬಡ್ಡಿ ಇಲ್ಲದ ಸಾಲ: ನಮ್ಮ ಸಭೆಯ ಲೆಕ್ಕ

"ಬಡ್ಡಿ ಇಲ್ಲಂದ್ರ ಯಾವ ಪುಣ್ಯಾತ್ಮ ತಿರುಗಿ ಕೊಡ್ತಾನ್ರೀ?" ಎಂದು ನಮ್ಮ ಚರ್ಚಿನ ಕಮಿಟಿಯಲ್ಲಿ ನಕ್ಕವರೇ ಈಗ ಸುಗ್ಗಿ ಹಬ್ಬದ ಲಿಲಾವಿನ (ಹರಾಜಿನ) ರೊಕ್ಕದಲ್ಲಿ, ಬೀದಿ ವ್ಯಾಪಾರಿಗಳಿಗೆ ಕೊಡುವ ಬಡ್ಡಿ ಇಲ್ಲದ ಸಾಲಕ್ಕೊಂದು ಪಾಲು ಎತ್ತಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ದಿನದ ಬಡ್ಡಿ ನಿಮಗೆ ಗೊತ್ತಿದ್ದದ್ದೇ. ಮುಂಜಾನೆ ಒಂಬತ್ತುನೂರು ಕೈಗೆ, ಸಂಜೆ ಸಾವಿರ ವಾಪಸ್. ಜನತಾ ಬಜಾರದ ಕಡೆ ಕೊತ್ತಂಬರಿ, ಮೆಂತೆ ಮಾರುವ ಅಕ್ಕಂದಿರ ದುಡಿಮೆ ಆ ನೂರರಲ್ಲೇ ಕರಗುತ್ತದೆ. ಬಡವರಿಂದ ಬಡ್ಡಿ ತೆಗೆದುಕೊಳ್ಳಬೇಡ ಎನ್ನುವ ಬೈಬಲಿನ ವಿಮೋಚನಕಾಂಡ 22:25 ಓದಿ ಆಮೆನ್ ಅಂದು, ಅದೇ ಅಕ್ಕನ ಹತ್ತಿರ ಕಾಯಿಪಲ್ಲೆ ಚೌಕಾಶಿ ಮಾಡಿ ಮನೆಗೆ ಹೋಗುವುದು ನನಗಂತೂ ಸರಿ ಕಾಣಲಿಲ್ಲ.

ಮೊದಲ ವರ್ಷ ಮೂವತ್ತು ಸಾವಿರದಷ್ಟು ಹಾಕಿದೆವು, ತಿಂಗಳ ಕಂತಿಗೆ. ಅರ್ಧ ಮುಳುಗಿತು. ದಿನಾ ದುಡಿದು ದಿನಾ ಉಣ್ಣುವವರ ಕೈಯಲ್ಲಿ ತಿಂಗಳ ಕೊನೆಗೆ ಏನು ಉಳಿದೀತು? ಆಮೇಲೆ ಕಮಿಟಿಯವರು ಜಾಮೀನು ಕೇಳಿದರು, ಅದೂ ಸಭೆಯ ಸದಸ್ಯರಿಗೆ ಮಾತ್ರ ಅಂದರು. ಜಾಮೀನಿನ ಜಗಳಕ್ಕೆ ಎರಡು ಮನೆತನಗಳು ಆರಾಧನೆಯಲ್ಲಿ ಮುಖ ತಿರುಗಿಸಿ ಕೂತವು. ಬಡ್ಡಿಯಲ್ಲಿ ನಿಜವಾಗಿ ಸಿಕ್ಕಿಬಿದ್ದವರು ಹೊರಗೇ ಉಳಿದರು. ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದ ಪರಕೀಯನನ್ನು ಎತ್ತಿ ಉಪಚರಿಸಿದ ಸಮಾರ್ಯದವನು ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಿದ್ದನೇನ್ರೀ?

ಕೊನೆಗೆ ಕೈ ಹಿಡಿದದ್ದು ಇದು: ಮೂರು ಸಾವಿರ, ದಿನಕ್ಕೆ ಐವತ್ತು, ಜಾಮೀನಿಲ್ಲ, ಜಾತಿ-ಧರ್ಮದ ಮಾತಿಲ್ಲ. ವಸೂಲಿಗೆ ನಮ್ಮವರು ಹೋಗುವುದಿಲ್ಲ. ಪುಸ್ತಕ ಹಿಡಿದು ನಿಂತರೆ ನಾವೂ ಫೈನಾನ್ಸಿನವರಂತೆಯೇ ಕಾಣುತ್ತೇವೆ. ಮಾರುವವರಲ್ಲೇ ಒಬ್ಬಾಕೆ ಕೂಡಿಸಿ ತರುತ್ತಾಳೆ. ಆಕೆಯನ್ನು ಹೇಗೆ ಆರಿಸುತ್ತೇವೆ ಅನ್ನುವುದು ಮಾತ್ರ ನಮ್ಮ ಗುಟ್ಟು. ಬಂದರೆ ಚಹಾ ಕುಡಿಯುತ್ತ ಹೇಳೇನು. ಪ್ರತಿಯೊಬ್ಬರಿಗೂ ಚೌಕಳಿ ಹಾಕಿದ ಹಳದಿ ಕಾರ್ಡು. ಕೊಟ್ಟ ದಿನ ಟಿಕ್ಕು, ಅಡ್ಡ ಮಳೆ ಹೊಡೆದ ದಿನ "ಮಳಿ" ಅಂತ ಬರೆದು ಬಿಡುವುದು. ಒಂದು ಶ್ರಾವಣದ ಕಾರ್ಡಿನಲ್ಲಿ ಸಾಲುಸಾಲಾಗಿ ಮಳಿಯೇ ಇತ್ತು. ಆ ಅಕ್ಕ ದಸರೆಗೆ ಚೆಂಡುಹೂ ಮಾರಿ ಒಂದೇ ವಾರದಲ್ಲಿ ಚುಕ್ತಾ ಮಾಡಿದಳು.

ಮತಾಂತರದ ಗುಮಾನಿ ಬಂದೇ ಬಂತು. ಸಾಲ ಕೊಡುವಲ್ಲಿ ಪ್ರಾರ್ಥನೆಯಿಲ್ಲ, ಕರಪತ್ರವಿಲ್ಲ ಎಂದು ಮೊದಲೇ ನಿಯಮ ಮಾಡಿದ್ದೆವು. ಕೇಳಲು ಬಂದವರು ಒಂದು ತಾಸು ನಿಂತು ನೋಡಿ ಹೋದರು. ಈ ನಿಯಮದ ಮೇಲೆ ನಮ್ಮೊಳಗೇ ಕೆಲವರಿಗೆ ಸಿಟ್ಟು, ಇರಲಿ.

ನಡುವೆ ತಳ್ಳುಗಾಡಿ ಬಾಡಿಗೆಯನ್ನೂ ಮಾಡಿ ನೋಡಿದೆ. ಹಳೆಯ ನಾಲ್ಕು ಗಾಡಿ ಕೊಂಡೆವು. ಬಂದ ಬಾಡಿಗೆ ಟೈರು, ವೆಲ್ಡಿಂಗಿಗೇ ಹೋಯಿತು, ಮಾರಿಬಿಟ್ಟೆವು. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಪಿ.ಎಂ. ಸ್ವನಿಧಿ ಯೋಜನೆಯ ಅರ್ಜಿ ತುಂಬಿಸಿದ್ದು ಅದಕ್ಕಿಂತ ಲಾಭ. 2020ರಲ್ಲಿ ಆ ಯೋಜನೆ ಬಂದಾಗ ಮೊದಲ ಸಾಲವೇ ಹತ್ತು ಸಾವಿರದವರೆಗೆ ಇತ್ತು, ಬೀದಿ ವ್ಯಾಪಾರದ ಕಾಗದ ಬೇಕಿತ್ತು. ಮಂಜೂರಾಗುವವರೆಗೆ ನಮ್ಮ ಮೂರು ಸಾವಿರ ದೂಡುತ್ತದೆ.

ಈಗ ಒಂದೂವರೆ ಲಕ್ಷದ ಹತ್ತಿರ ತಿರುಗುತ್ತಿದೆ, ನೂರಕ್ಕೆ ತೊಂಬತ್ತರ ಮೇಲೆ ವಾಪಸ್ ಬರುತ್ತದೆ. ಒತ್ತೆ ಇಟ್ಟ ಬಂಗಾರ ಬಿಡಿಸಿಕೊಡ್ರಿ ಅಂತಲೂ ಕೇಳುತ್ತಾರೆ. ಅಷ್ಟು ಗಂಟು ನಮ್ಮಲ್ಲಿಲ್ಲ, ಅದಕ್ಕೆ ಕೈ ಹಾಕಿಲ್ಲ.