ತೆರೆಯ ಮೇಲೆ ಕಷ್ಟ ಎಷ್ಟು ಹೊತ್ತು ಇರಬೇಕು? ಎಡಿಟಿಂಗ್ ರೂಮಿನ ಅನುಭವ

ಸಿನಿಮಾದಲ್ಲಿ ಕಷ್ಟಕ್ಕೆ ಬಣ್ಣ ಬಳಿಯೋದು ಕಥೆ ಬರೆಯುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೊನೆಗೆ ಗೆದ್ದರೆ ಬಣ್ಣ, ಸೋತರೆ ಪ್ರಾಮಾಣಿಕ ಅನ್ನೋ ಲೆಕ್ಕವೂ ಇದೆ. ನಾನು ಎಡಿಟರ್. ನಾನು ಕಂಡ ಹಾಗೆ ಬಣ್ಣ ಜಾಸ್ತಿ ಬೀಳೋದು ಎಡಿಟಿಂಗ್ ರೂಮಿನಲ್ಲೇ. ಅದೂ ಕ್ಲೈಮ್ಯಾಕ್ಸಿನಲ್ಲಲ್ಲ, ನಡುವಿನಲ್ಲಿ. ಕಷ್ಟ ಎಷ್ಟು ಹೊತ್ತು ತೆರೆಯ ಮೇಲೆ ನಿಲ್ಲುತ್ತದೆ, ಯಾವ ಶಾಟ್ ಆದಮೇಲೆ ಯಾವುದು ಬರುತ್ತದೆ, ಸಂಗೀತ ಎಲ್ಲಿ ಶುರುವಾಗುತ್ತದೆ, ಇಷ್ಟರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ.

ಕೆಲವು ವರ್ಷದ ಹಿಂದೆ ಒಂದು ಸಣ್ಣ ಬಜೆಟ್ಟಿನ ಸಿನಿಮಾ ಕೈಗೆ ಬಂತು. ಬಟ್ಟೆ ಹೊಲಿದು ಬದುಕುವ ಹೆಂಗಸಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪುತ್ತವೆ. ಮಗಳು ನೋಡಿಕೊಳ್ಳುತ್ತಾಳೆ. ಕೊನೆಗೆ ಆಕೆ ಮತ್ತೆ ಮೆಷಿನ್ ಮುಂದೆ ಕೂರುತ್ತಾಳೆ. ಕಥೆ ಇಷ್ಟೇ. ಆಸ್ಪತ್ರೆಯಿಂದ ಮನೆಗೆ ಬಂದಮೇಲಿನ ಇಡೀ ಒಂದು ವರ್ಷಕ್ಕೆ ಸ್ಕ್ರಿಪ್ಟಿನಲ್ಲಿ ಇದ್ದದ್ದು ಒಂದೇ ಸಾಲು: 'ಚೇತರಿಕೆ, ಮಾಂಟೇಜ್.'

ಮಾಂಟೇಜ್ ಅಂದರೆ ತುಂಬಾ ದಿನದ ಕಥೆಯನ್ನು ಸಣ್ಣ ಸಣ್ಣ ಶಾಟುಗಳಲ್ಲಿ ಓಡಿಸಿಬಿಡೋದು. ಅದನ್ನು ಜೋಡಿಸೋದು ದೊಡ್ಡ ಕೆಲಸವೇನಲ್ಲ. ಬೆಳಗಿನ ಬಿಸಿಲು, ವಾಕರ್ ಹಿಡಿದ ಕೈ, ಒಂದು ಹೆಜ್ಜೆ. ಬೀಳೋದು ಒಂದೇ ಒಂದು ಸಲ. ಮಗಳ ನಗು. ಆಮೇಲೆ ಕೋಲು, ಆಮೇಲೆ ಕೋಲೂ ಇಲ್ಲ. ಹಿನ್ನೆಲೆಯಲ್ಲಿ ಏರುತ್ತಾ ಹೋಗುವ ಪಿಟೀಲು. ನಿರ್ದೇಶಕರು ಕೇಳಿದ್ದು ಅದನ್ನೇ, ಮೊದಲ ಕಚ್ಚಾ ಜೋಡಣೆಯಾದ ರಫ್ ಕಟ್‌ನಲ್ಲಿ ಕೊಟ್ಟಿದ್ದೂ ಅದನ್ನೇ. ನೋಡೋಕೆ ಚೆನ್ನಾಗೇ ಇತ್ತು. ಪ್ರತಿ ಶಾಟಿನಲ್ಲೂ ಆಕೆ ಹಿಂದಿನ ಶಾಟಿಗಿಂತ ಸ್ವಲ್ಪ ಗುಣವಾಗಿರುತ್ತಿದ್ದಳು. ನನಗೆ ಕಿರಿಕಿರಿ ಶುರುವಾಗಿದ್ದು ಅಲ್ಲೇ. ಹಿಂದೆ ಜಾರುವ ಕಾಯಿಲೆಯೇ ಇಲ್ಲವೇನೋ ಅನ್ನುವ ಹಾಗಿತ್ತು ಆ ಕಟ್.

ಗೊತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆದು ಕೂರಿಸಿದೆವು. ನೋಡಿ ಮುಗಿಸಿದವರೇ ಕೇಳಿದ್ದು, "ಇವರಿಗೆ ಸುಸ್ತೇ ಆಗಲ್ವಾ?"

ಆಮೇಲೆ ಅವರೇ ವಿವರಿಸಿದರು. ಸ್ಟ್ರೋಕ್ ಆದವರನ್ನು ಹಣ್ಣು ಮಾಡೋದು ಬರೀ ಕೈಕಾಲಿನ ಬಲಹೀನತೆ ಅಲ್ಲ, ಆಯಾಸ. ಸ್ನಾನ ಮಾಡಿ ಬಂದರೆ ಸಾಕು, ಮಲಗಿಬಿಡಬೇಕು ಅನಿಸುತ್ತದೆ. ಸುಧಾರಣೆ ಜಾಸ್ತಿ ಕಾಣೋದು ಮೊದಲ ಕೆಲವು ತಿಂಗಳಲ್ಲಿ. ಆಮೇಲೆ ನಿಧಾನವಾಗುತ್ತದೆ, ರೋಗಿ ಕುಸಿಯೋದು ಸಾಮಾನ್ಯವಾಗಿ ಆ ನಿಧಾನದಲ್ಲಿ. ಎಷ್ಟೋ ಜನರಿಗೆ ಕಾಲು ಮೊದಲು ಬರುತ್ತದೆ, ಕೈ ಹಿಂದೆ ಬೀಳುತ್ತದೆ. ಬೆರಳಿನ ನಾಜೂಕು ಕೆಲಸ ಕೆಲವರಿಗೆ ಬರೋದೇ ಇಲ್ಲ. ಬಲಭಾಗ ಹೋದವರಲ್ಲಿ ಅನೇಕರಿಗೆ ಮಾತೂ ತೊಡರುತ್ತದೆ, ಯಾಕಂದರೆ ಪೆಟ್ಟು ಬಿದ್ದಿರೋದು ಮೆದುಳಿನ ಎಡಭಾಗಕ್ಕೆ.

ಈ ಕೊನೆಯ ಮಾತು ನನ್ನನ್ನು ನೇರ, ಕಂಪ್ಯೂಟರಿನಲ್ಲಿ ಶಾಟುಗಳು ಸಾಲಾಗಿ ಕೂತಿರುವ ಟೈಮ್‌ಲೈನಿಗೆ ಓಡಿಸಿತು. ನಟಿ ಆ ಹೋಂವರ್ಕ್ ಮಾಡಿಕೊಂಡೇ ಬಂದಿದ್ದರು. ಪದ ಸಿಗದೆ ತಡಕಾಡುವುದು, ಅರ್ಧ ವಾಕ್ಯಕ್ಕೆ ನಿಲ್ಲುವುದು, ಎಲ್ಲ ಫುಟೇಜಿನಲ್ಲಿತ್ತು. ಮಾತಿನ ನಡುವಿನ ಖಾಲಿ ಜಾಗ ಕಂಡರೆ ಎಡಿಟರ್ ಕೈ ತಾನಾಗಿ ಕತ್ತರಿಸುತ್ತದೆ, ಅದು ನಮ್ಮ ಕಸುಬಿನ ಚಾಳಿ. ರಫ್ ಕಟ್‌ನಲ್ಲಿ ಅವೆಲ್ಲ ಹಾರಿಹೋಗಿದ್ದವು. ಒಂದೊಂದಾಗಿ ವಾಪಸ್ ತಂದೆ.

ಮಾಂಟೇಜ್ ಒಡೆದು ಹೊಸದಾಗಿ ಜೋಡಿಸಿದಾಗ ನಡುವೆ ಇಟ್ಟಿದ್ದು ಒಂದು ಗುಂಡಿಯ ದೃಶ್ಯ. ಆಕೆ ಎಡಗೈಲಿ ಅಂಗಿಯ ಗುಂಡಿ ಹಾಕಿಕೊಳ್ಳೋಕೆ ನೋಡುತ್ತಾಳೆ. ಹೆಬ್ಬೆರಳಿನಿಂದ ಗುಂಡಿಯನ್ನು ತೂತಿನ ಹತ್ತಿರ ತಳ್ಳುತ್ತಾಳೆ, ಬಟ್ಟೆ ಸರಿಯುತ್ತದೆ. ಬಟ್ಟೆ ಬಿಗಿ ಮಾಡಿ ಹಿಡಿಯೋಕೆ ಇನ್ನೊಂದು ಕೈ ಬೇಕಲ್ಲ, ಅದು ತೊಡೆ ಮೇಲೆ ಸುಮ್ನೆ ಬಿದ್ದಿದೆ. ಗಲ್ಲದಿಂದ ಒತ್ತಿ ಹಿಡಿಯುತ್ತಾಳೆ. ಆಗ ಗುಂಡಿ ಕಾಣಲ್ಲ. ಅಂತೂ ಒಂದು ಹಾಕಿ ನೋಡಿಕೊಂಡರೆ, ತೂತು ತಪ್ಪಿದೆ, ಅಂಗಿ ಓರೆ. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಹೆಂಗಸು! ರಫ್ ಕಟ್‌ನಲ್ಲಿ ಇದರ ನಾಲ್ಕು ಸೆಕೆಂಡ್ ಇತ್ತು. ಈಗ ಒಂದೇ ಟೇಕು, ಕಟ್ ಇಲ್ಲದೆ, ಪೂರ್ತಿ ಬಿಟ್ಟೆ. ಸಂಗೀತ ತೆಗೆದೆ. ಉಳಿದದ್ದು ಉಸಿರಿನ ಸದ್ದು, ಬಟ್ಟೆಯ ಸದ್ದು.

ಈಗ ನಾನು ಇಂಥ ದೃಶ್ಯಗಳನ್ನು ಮೊದಲು ಸದ್ದೇ ಇಲ್ಲದೆ ಕಟ್ ಮಾಡುತ್ತೇನೆ. ಟೆಂಪ್ ಮ್ಯೂಸಿಕ್, ಅಂದರೆ ಸದ್ಯಕ್ಕೆ ಅಂತ ಎಲ್ಲಿಂದಲೋ ತಂದ ಸಂಗೀತ, ಹಾಕಿಕೊಂಡು ಕಟ್ ಮಾಡಿದರೆ ಯಾವ ಶಾಟ್ ಎಲ್ಲಿ ಮುಗಿಯಬೇಕು ಅಂತ ಹಾಡೇ ಹೇಳಿಬಿಡುತ್ತದೆ. ಸಪ್ಪೆ ಶಾಟೂ ಪಿಟೀಲಿನ ಕೆಳಗೆ ಕಣ್ಣು ಒದ್ದೆ ಮಾಡುತ್ತದೆ, ಅದನ್ನು ನಂಬೋಕಾಗಲ್ಲ.

ನಿರ್ದೇಶಕರಿಗೆ ಹೊಸ ಕಟ್ ಉದ್ದ ಅನಿಸಿತು. "ರಾಕಿ ಸಿನಿಮಾದಲ್ಲಿ ಮಾಂಟೇಜ್ ಇಲ್ವಾ? ಅದನ್ನು ಯಾರಾದರೂ ಸುಳ್ಳು ಅಂತಾರಾ?" ಅಂದರು. ಒಳ್ಳೆ ಪ್ರಶ್ನೆ. 1976ರ ಆ ಹಾಲಿವುಡ್ ಬಾಕ್ಸಿಂಗ್ ಸಿನಿಮಾಕ್ಕೆ ಎಡಿಟಿಂಗ್‌ಗೇ ಆಸ್ಕರ್ ಬಂದಿದೆ. ಇಬ್ಬರೂ ಕೂತು ಮತ್ತೆ ನೋಡಿದೆವು. ಫಿಲಡೆಲ್ಫಿಯಾ ಮ್ಯೂಸಿಯಂನ ಮೆಟ್ಟಿಲು ಹತ್ತಿ ಕೈ ಎತ್ತುವ ಶಾಟ್ ಎಲ್ಲರಿಗೂ ನೆನಪಿದೆ. ಆದರೆ ಅದಕ್ಕಿಂತ ಮೊದಲು, ತರಬೇತಿಯ ಮೊದಲ ಬೆಳಗ್ಗೆ, ಬಾಕ್ಸರ್ ರಾಕಿ ಅದೇ ಮೆಟ್ಟಿಲು ಹತ್ತುತ್ತಾನೆ. ಆಗ ಪಕ್ಕೆ ಹಿಡಿದುಕೊಂಡು, ಏದುಸಿರು ಬಿಡುತ್ತಾ, ಹೇಗೋ ಮೇಲೆ ಬಂದು ಮುಟ್ಟುತ್ತಾನೆ. ಆ ದೃಶ್ಯಕ್ಕೆ ಅವಸರವಿಲ್ಲ. ಹಾಗಾಗಿ ಎರಡನೇ ಓಟವನ್ನು ನಾವು ನಂಬುತ್ತೇವೆ. ಪಂದ್ಯದ ಹಿಂದಿನ ರಾತ್ರಿ ತಾನು ಗೆಲ್ಲಲ್ಲ ಅಂತ ಅವನೇ ಹೇಳುತ್ತಾನೆ, ಕೊನೆಯ ಸುತ್ತಿನವರೆಗೆ ನಿಂತರೆ ಸಾಕು ಅನ್ನುತ್ತಾನೆ. ತೀರ್ಪಿನಲ್ಲಿ ಸೋಲುತ್ತಾನೆ ಕೂಡ. ಅದನ್ನು ನಕಲು ಮಾಡಿದವರು ಎರಡನೇ ಓಟ ಮಾತ್ರ ಎತ್ತಿಕೊಂಡರು. ನಿರ್ದೇಶಕರು ಏನೂ ಹೇಳಲಿಲ್ಲ, ಗುಂಡಿ ದೃಶ್ಯ ಉಳಿಯಿತು.

ಜಾಸ್ತಿ ಜಗಳ ಆಗಿದ್ದು ಮಗಳ ವಿಷಯಕ್ಕೆ. ಒಂದು ದೃಶ್ಯದಲ್ಲಿ, ಅಮ್ಮ ರಾತ್ರಿ ಮೂರನೇ ಸಲ ಕರೆದಾಗ ಮಗಳು ಎದ್ದು ಬರಲ್ಲ. ಕಣ್ಣು ಬಿಟ್ಟುಕೊಂಡು ಮಲಗೇ ಇರುತ್ತಾಳೆ. ಆಮೇಲೆ ಬಂದು, ಅಮ್ಮನ ಕೈಯನ್ನು ಒರಟಾಗಿ ಎಳೆದು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ನಿರ್ಮಾಪಕರು ತೆಗೀರಿ ಅಂದರು. "ಮಗಳು ಕೆಟ್ಟವಳಾಗಿ ಕಾಣ್ತಾಳೆ, ಜನ ಒಪ್ಪಲ್ಲ ಸರ್" ಅಂತ ನಿರ್ದೇಶಕರಿಗೆ ಹೇಳಿದರು. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಮಗಳು ಮನುಷ್ಯಳ ಹಾಗೆ ಕಾಣೋದು ಅಲ್ಲೇ.

ನೋಡಿಕೊಳ್ಳುವವರನ್ನು ದೇವರು ಮಾಡಿಬಿಡೋದು ಈ ಬಣ್ಣದ ಕೆಲಸದಲ್ಲೇ ತುಂಬಾ ಸಲೀಸಾದದ್ದು. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದ್ದ ಗಣಿತಜ್ಞ ಜಾನ್ ನ್ಯಾಶ್ ಬದುಕಿನ ಮೇಲೆ 2001ರಲ್ಲಿ ಬಂದ 'ಎ ಬ್ಯೂಟಿಫುಲ್ ಮೈಂಡ್' ನೋಡಿ. ಅದರಲ್ಲಿ ಹೆಂಡತಿ ಕೊನೆಯವರೆಗೂ ಜೊತೆಗೇ ಇರುತ್ತಾಳೆ. ನಿಜದಲ್ಲಿ 1963ರಲ್ಲೇ ಅವರಿಗೆ ವಿಚ್ಛೇದನ ಆಗಿತ್ತು. ಆಮೇಲೆ 1970ರಲ್ಲಿ ಆಕೆಯೇ ಅವರನ್ನು ತನ್ನ ಮನೆಯಲ್ಲಿ ಇಟ್ಟುಕೊಂಡರು. ಮತ್ತೆ ಮದುವೆಯಾಗಿದ್ದು 2001ರಲ್ಲಿ. ಬಿಟ್ಟು ಹೋಗಿ, ಮತ್ತೆ ಬಾಗಿಲು ತೆಗೆದ ಆ ಹೆಂಗಸು ಸಿನಿಮಾದ ಹೆಂಡತಿಗಿಂತ ನನಗೆ ದೊಡ್ಡವಳಾಗಿ ಕಾಣುತ್ತಾಳೆ. ಅದೇ ಸಿನಿಮಾದಲ್ಲಿ ನ್ಯಾಶ್ ಹೊಸ ಔಷಧಿ ತಗೊಳ್ತಿದ್ದೇನೆ ಅಂತ ಒಂದು ಮಾತಿದೆ, ಅದೂ ನಿಜವಲ್ಲ. ಅವರು 1970ರ ನಂತರ ಔಷಧಿ ತಗೊಳ್ಳಲಿಲ್ಲ. ಆದರೆ ಸಿನಿಮಾ ನೋಡಿ ರೋಗಿಗಳು ಮಾತ್ರೆ ಬಿಟ್ಟುಬಿಟ್ಟಾರು ಅನ್ನೋ ಭಯದಿಂದ ಆ ಮಾತು ಸೇರಿಸಿದರು. ಆ ಸುಳ್ಳನ್ನು ನಾನು ಮಾಫಿ ಮಾಡುತ್ತೇನೆ. ಹೆಂಡತಿಯದ್ದನ್ನು ಮಾಡಲ್ಲ.

ಕೊನೆಗೆ ನಮ್ಮ ಮಗಳ ದೃಶ್ಯ ಅರ್ಧ ಉಳಿಯಿತು. ಮಲಗೇ ಇರೋದು ಇದೆ, ಒರಟಾಗಿ ಎಳೆಯೋದು ಹೋಯಿತು. ಮಗಳಿಗೆ ಕೆಲಸ ಹೋದ ದೃಶ್ಯವೂ ಹೋಯಿತು. ಹಾಗಾಗಿ ನಮ್ಮ ಸಿನಿಮಾದಲ್ಲಿ ಒಂದು ವರ್ಷದ ಖರ್ಚು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ. ಇಂಥ ಸಿನಿಮಾಗಳಲ್ಲಿ ದುಡ್ಡಿನ ಮಾತೇ ಮೊದಲು ಕತ್ತರಿ ಕೆಳಗೆ ಹೋಗೋದು, ಗಮನಿಸಿ ನೋಡಿ.

ಬಣ್ಣ ಬೇಡ ಅಂತ ಗೋಳಿಗೆ ಹೊರಳಿದರೆ ಅದೂ ಬಣ್ಣವೇ, ಕಪ್ಪು ಬಣ್ಣ ಅಷ್ಟೇ. ಒಂದು ಹಂತದಲ್ಲಿ ನಮ್ಮ ಕಟ್ ಹಾಗೇ ಆಗಿತ್ತು. ನಗುವ ಶಾಟೆಲ್ಲ ತೆಗೆದುಬಿಟ್ಟಿದ್ದೆವು. ಇಟಲಿಯ ನಿರ್ದೇಶಕ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948) ಸಿನಿಮಾದಲ್ಲಿ ಸೈಕಲ್ ಕಳೆದುಕೊಂಡ ಅಪ್ಪ ದುಡ್ಡಿಗೆ ಅಷ್ಟು ತತ್ವಾರ ಇದ್ದಾಗಲೂ ಮಗನನ್ನು ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಕಷ್ಟದಲ್ಲಿ ಇರುವವರು ಇಪ್ಪತ್ತನಾಲ್ಕು ಗಂಟೆ ಅಳುತ್ತಾ ಕೂರಲ್ಲ. ಓರೆ ಅಂಗಿ ನೋಡಿ ಅಮ್ಮ ಮಗಳು ಇಬ್ಬರೂ ನಕ್ಕಿದ್ದ ಒಂದು ಶಾಟ್ ಇತ್ತು, ಅದನ್ನು ಗುಂಡಿ ದೃಶ್ಯದ ಬಾಲಕ್ಕೆ ಹಚ್ಚಿದೆ.

ಕ್ಲೈಮ್ಯಾಕ್ಸಿನಲ್ಲಿ ಆಕೆ ಮೆಷಿನ್ ಮುಂದೆ ಕೂತು ಒಂದು ರವಿಕೆ ಹೊಲಿದು ಮುಗಿಸಬೇಕಿತ್ತು. ಹಾಗೇ ಶೂಟ್ ಆಗಿತ್ತು. ಆ ವೇಳೆಗೆ ನಮಗೆ ಬೆರಳಿನ ವಿಷಯ ತಿಳಿದಿತ್ತು, ಮರುಶೂಟಿಂಗಿಗೆ ದುಡ್ಡಿರಲಿಲ್ಲ. ಬೇಡ ಅಂತ ಪಕ್ಕಕ್ಕಿಟ್ಟ ಟೇಕುಗಳನ್ನೆಲ್ಲ ಮತ್ತೆ ಹಾಕಿ ನೋಡಿದೆ. ಒಂದು ಟೇಕಿನಲ್ಲಿ ನಟಿಯ ಕಾಲು ಪೆಡಲ್ ಸರಿಯಾಗಿ ತುಳಿಯುತ್ತಿದೆ, ಕೈಯಿಂದ ಬಟ್ಟೆ ಜಾರಿ ಹೊಲಿಗೆ ಸೊಟ್ಟ ಹೋಗುತ್ತದೆ. ಮಗಳ ಪಾತ್ರದವರು ಥಟ್ಟನೆ ಕೈ ಹಾಕಿ ಬಟ್ಟೆ ಹಿಡಿಯುತ್ತಾರೆ. ಆಗ ನಿರ್ದೇಶಕರು ಕಟ್ ಅಂದಿದ್ದರು. ಆ 'ಕಟ್' ಸದ್ದು ಅಳಿಸಿ, ಅದರ ಒಂದು ಕ್ಷಣ ಮುಂಚೆ ಸಿನಿಮಾ ಮುಗಿಸಿದೆವು. ಕೊನೆಯ ಹಾಡು ಬೇಕೇ ಬೇಕು ಅಂತ ನಿರ್ಮಾಪಕರು ಹಿಡಿದ ಪಟ್ಟು ಬಿಡಲಿಲ್ಲ. ಹಾಗಾಗಿ ಹಾಡು ಇದೆ, ಆದರೆ ಶುರುವಾಗೋದು ಹೆಸರುಗಳು ಬರೋಕೆ ಶುರುವಾದ ಮೇಲೆ.