ಡಿಬಗ್ಗರ್‌ನ ರಿವರ್ಸ್ ಕಮಾಂಡ್‌ಗಳಿಗೆ ಡಾಕ್ಯುಮೆಂಟೇಶನ್ ಬರೆಯೋದು ಹೇಗೆ

ಡಿಬಗ್ಗರ್ ಅಂದ್ರೆ ಪ್ರೋಗ್ರಾಂನ ಸಾಲು ಸಾಲಾಗಿ ಓಡಿಸಿ ತಪ್ಪು ಹುಡುಕೋ ಸಾಧನ, ಅದರಲ್ಲಿ ಪ್ರೋಗ್ರಾಂನ ಹಿಂದಕ್ಕೆ ಓಡಿಸೋವೇ ರಿವರ್ಸ್ ಕಮಾಂಡ್‌ಗಳು. "ರಿವರ್ಸ್-ಸ್ಟೆಪ್ ಅಂದ್ರೆ ಸ್ಟೆಪ್‌ನ ಉಲ್ಟಾ" ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡ್ರೆ ಓದೋರಿಗೆ ಏನೂ ಸಿಗಲ್ಲ. ನಾನೂ ಮೊದಲು ಹಾಗೇ ಬರೆದಿದ್ದೆ, ಓದಿದ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ: ಕಮಾಂಡ್ ಕೊಟ್ಟ ಮೇಲೆ ಎಲ್ಲಿ ಹೋಗಿ ನಿಲ್ಲುತ್ತೆ, ನಿಂತ ಸಾಲು ಓಡಿದೆಯಾ ಇನ್ನೂ ಓಡಿಲ್ವಾ? ಪ್ರತಿ ಕಮಾಂಡ್‌ಗೂ ಇದಕ್ಕೆ ಉತ್ತರ ಬರೆದ್ರೆ ಅರ್ಧ ಕೆಲಸ ಮುಗೀತು.

ಜಿಡಿಬಿ ಅನ್ನೋ ಡಿಬಗ್ಗರನ್ನೇ ತಗೊಳ್ಳೋಣ, 2009ರಲ್ಲಿ ಬಂದ 7.0 ವರ್ಷನ್‌ನಿಂದ ಅದರಲ್ಲಿ ಈ ಸೌಲಭ್ಯ ಇದೆ. ಶುರು ಮಾಡೋದು ಪ್ರೋಗ್ರಾಂ ಓಡಿದ್ದನ್ನ ದಾಖಲಿಸೋ ರೆಕಾರ್ಡ್ ಕಮಾಂಡ್‌ನಿಂದ. ಪ್ರೋಗ್ರಾಂನ ಸ್ಟಾರ್ಟ್ ಮಾಡಿ ರೆಕಾರ್ಡ್ ಕೊಡದೇ ನೇರ ರಿವರ್ಸ್-ನೆಕ್ಸ್ಟ್ ಹೊಡೆದ್ರೆ "ಟಾರ್ಗೆಟ್ ನೇಟಿವ್ ಡಸ್ ನಾಟ್ ಸಪೋರ್ಟ್ ದಿಸ್ ಕಮಾಂಡ್" ಅಂತ ಬೈಯುತ್ತೆ. ಈ ಎರರ್‌ನ ಅಕ್ಷರ ಬಿಡದೆ ಹಾಗೇ ಹಾಕಿ, ಜನ ಸರ್ಚ್ ಮಾಡೋದು ಅದನ್ನೇ. ರೆಕಾರ್ಡ್ ಶುರುವಾದ ಜಾಗಕ್ಕಿಂತ ಹಿಂದಕ್ಕೆ ಹೋಗೋಕಾಗಲ್ಲ ಅನ್ನೋದನ್ನೂ ಅಲ್ಲೇ ಹೇಳಿಬಿಡಿ.

ಆಮೇಲೆ ಒಂದು ಚಿಕ್ಕ ಪ್ರೋಗ್ರಾಂ ಇಟ್ಕೊಂಡು ಎಲ್ಲಾ ಕಮಾಂಡನ್ನೂ ಅದರ ಮೇಲೇ ತೋರಿಸಿ, ಕಮಾಂಡ್‌ಗೊಂದು ಹೊಸ ಉದಾಹರಣೆ ಕೊಟ್ರೆ ಓದೋರು ಕಳೆದುಹೋಗ್ತಾರೆ. ಉದಾಹರಣೆಗೆ 20ನೇ ಸಾಲಲ್ಲಿ ಕೂಡು ಅನ್ನೋ ಫಂಕ್ಷನ್ ಕರೆದು ಉತ್ತರನ ಮೊತ್ತ ಅನ್ನೋ ಗ್ಲೋಬಲ್ ವೇರಿಯಬಲ್‌ಗೆ ಹಾಕ್ತೀವಿ, 21ರಲ್ಲಿ ಪ್ರಿಂಟ್ ಮಾಡ್ತೀವಿ, ಈಗ 21ರಲ್ಲಿ ನಿಂತಿದೀವಿ ಅಂದ್ಕೊಳ್ಳಿ. ರಿವರ್ಸ್-ನೆಕ್ಸ್ಟ್ ಕೊಟ್ರೆ ಫಂಕ್ಷನ್ ಒಳಗೆ ಹೋಗದೇ 20ರ ಶುರುವಿಗೆ ಬರ್ತೀವಿ, ಮೊತ್ತದಲ್ಲಿ ಹಳೇ ಬೆಲೆನೇ ಇರುತ್ತೆ ಯಾಕಂದ್ರೆ 20 ಇನ್ನೂ ಓಡಿಲ್ಲ. ರಿವರ್ಸ್-ಸ್ಟೆಪ್ ಕೊಟ್ರೆ ಕೂಡು ಒಳಗೆ ಹಿಂಬಾಗಿಲಿಂದ ಹೋಗ್ತೀವಿ, ಅಂದ್ರೆ ಅದರ ಕೊನೇ ಸಾಲಿನ ಶುರುವಲ್ಲಿ ನಿಲ್ತೀವಿ, ಸಾಮಾನ್ಯವಾಗಿ ಅದು ರಿಟರ್ನ್ ಸಾಲು. ಅಲ್ಲಿಂದ ರಿವರ್ಸ್-ಫಿನಿಶ್ ಕೊಟ್ರೆ ಆ ಫಂಕ್ಷನ್‌ನ ಕರೆದ ಜಾಗಕ್ಕೇ ವಾಪಸ್. ಫಿನಿಶ್ ಅನ್ನೋ ಹೆಸರು ನೋಡಿ ಫಂಕ್ಷನ್‌ನ ಕೊನೆಗೆ ಹೋಗುತ್ತೆ ಅಂದ್ಕೊಳ್ಳೋರು ತುಂಬಾ ಜನ, ಅದಕ್ಕೇ ಇದನ್ನ ಬಿಡಿಸಿ ಹೇಳ್ಬೇಕು.

ಒಂದೇ ಒಂದು ಮೆಷಿನ್ ಇನ್‌ಸ್ಟ್ರಕ್ಷನ್ ಹಿಂದಕ್ಕೆ ಹೋಗೋ ರಿವರ್ಸ್-ಸ್ಟೆಪ್‌ಐ ಬಗ್ಗೆ ಎರಡು ಮಾತು ಸಾಕು: ಮೆಮೊರಿಯಲ್ಲಿ ಹಿಂದಿರೋ ಇನ್‌ಸ್ಟ್ರಕ್ಷನ್‌ಗೆ ಅಲ್ಲ, ಇದಕ್ಕಿಂತ ಮುಂಚೆ ನಿಜವಾಗಿ ಓಡಿದ ಇನ್‌ಸ್ಟ್ರಕ್ಷನ್‌ಗೆ ಹೋಗುತ್ತೆ, ಜಂಪ್ ಆಗಿ ಬಂದಿದ್ರೆ ಆ ಜಂಪ್ ಹತ್ರಕ್ಕೇ.

ಹೆಚ್ಚು ಜಾಗ ಕೊಡಬೇಕಾದ್ದು ರಿವರ್ಸ್-ಕಂಟಿನ್ಯೂಗೆ. ಇದು ಎಲ್ಲಾದ್ರೂ ತಡೆ ಸಿಗೋವರೆಗೂ ಹಿಂದಕ್ಕೆ ಓಡುತ್ತೆ. ಬ್ರೇಕ್‌ಪಾಯಿಂಟ್ (ಇಲ್ಲಿ ನಿಲ್ಲು ಅಂತ ನಾವಿಟ್ಟ ಗುರುತು) ಇಲ್ಲದಿದ್ರೆ ರೆಕಾರ್ಡ್ ಶುರುವಾದಲ್ಲಿಗೇ ಹೋಗಿ ನಿಲ್ಲುತ್ತೆ ಸರಿ, ಆದ್ರೆ ಇದರ ನಿಜವಾದ ಬಲ ಇರೋದು ವೇರಿಯಬಲ್‌ನ ಬೆಲೆ ಬದಲಾದ ಕಡೆ ನಿಲ್ಲಿಸೋ ವಾಚ್ ಕಮಾಂಡ್ ಜೊತೆ. ಮೊತ್ತ 45 ಇರ್ಬೇಕಾದ ಕಡೆ -1 ಆಗಿದೆ, ಯಾರು ಕೆಡಿಸಿದ್ರು ಗೊತ್ತಿಲ್ಲ, ವಾಚ್ ಮೊತ್ತ ಅಂತ ಕೊಟ್ಟು ರಿವರ್ಸ್-ಕಂಟಿನ್ಯೂ ಹೊಡೀರಿ, -1 ಬರೆದ ಸಾಲಿಗೇ ತಂದು ನಿಲ್ಲಿಸುತ್ತೆ. ದಿನವಿಡೀ ಹುಡುಕೋ ಬಗ್ ಹೀಗೆ ಎರಡೇ ಕಮಾಂಡಲ್ಲಿ ಸಿಕ್ಕಿಬೀಳೋದು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತೆ. ಆದ್ರೆ ಅಲ್ಲಿ ಸ್ಕ್ರೀನ್ ಮೇಲೆ ಓಲ್ಡ್ ವ್ಯಾಲ್ಯೂ -1, ನ್ಯೂ ವ್ಯಾಲ್ಯೂ 45 ಅಂತ ಬರುತ್ತೆ, ಹಿಂದಕ್ಕೆ ಹೋಗ್ತಿರೋದ್ರಿಂದ ಡಿಬಗ್ಗರ್‌ಗೆ 45 ಆಮೇಲೆ ಸಿಕ್ಕಿದ್ದು. ಇದನ್ನ ಬರೀದೇ ಬಿಟ್ರೆ ಓದೋರು 45ನೇ ತಪ್ಪು ಬೆಲೆ ಅಂದ್ಕೊಂಡು ಬೇರೆ ದಾರಿ ಹಿಡೀತಾರೆ.

ಮಿತಿಗಳನ್ನ ಪುಟದ ಕೊನೇಲಿ ಬಚ್ಚಿಡಬೇಡಿ, ಆಯಾ ಕಮಾಂಡ್ ಪಕ್ಕದಲ್ಲೇ ಹಾಕಿ. ಸ್ಕ್ರೀನ್‌ಗೆ ಪ್ರಿಂಟ್ ಆಗಿದ್ದು, ನೆಟ್‌ವರ್ಕ್‌ನಲ್ಲಿ ಕಳಿಸಿದ್ದು ವಾಪಸ್ ಬರಲ್ಲ, ಹಿಂದಕ್ಕೆ ಹೋಗೋದು ಮೆಮೊರಿ ಮತ್ತೆ ರಿಜಿಸ್ಟರ್ (ಪ್ರೊಸೆಸರ್ ಒಳಗೇ ಬೆಲೆ ಇಟ್ಕೊಳ್ಳೋ ಜಾಗ) ಮಾತ್ರ. ರೆಕಾರ್ಡ್ ಡಿಫಾಲ್ಟ್ ಆಗಿ 200000 ಇನ್‌ಸ್ಟ್ರಕ್ಷನ್ ಇಟ್ಕೊಳ್ಳುತ್ತೆ, ತುಂಬಿದ್ರೆ ನಿಲ್ಲಿಸಿ ಏನ್ ಮಾಡ್ಲಿ ಅಂತ ಕೇಳುತ್ತೆ. ರೆಕಾರ್ಡ್ ಆಗ್ತಿರುವಾಗ ಪ್ರೋಗ್ರಾಂ ತುಂಬಾನೇ ನಿಧಾನ ಆಗುತ್ತೆ, ಹಾಗಾಗಿ ಪ್ರೋಗ್ರಾಂ ಶುರುವಾಗೋ ಮೈನ್ ಫಂಕ್ಷನ್‌ನಲ್ಲೇ ಶುರು ಮಾಡೋ ಬದಲು ಅನುಮಾನ ಇರೋ ಫಂಕ್ಷನ್‌ಗೆ ಬ್ರೇಕ್‌ಪಾಯಿಂಟ್ ಇಟ್ಟು ಅಲ್ಲಿಂದ ರೆಕಾರ್ಡ್ ಮಾಡಿ ಅಂತ ಮೊದಲೇ ಹೇಳಿ.

ಬರೆದಾದ ಮೇಲೆ ಹೊಸ ಟರ್ಮಿನಲ್ ತೆಗೆದು ನೀವು ಬರೆದಿರೋದನ್ನ ಮಾತ್ರ ನೋಡ್ಕೊಂಡು ಒಂದೊಂದೇ ಕಮಾಂಡ್ ಟೈಪ್ ಮಾಡ್ತಾ ಹೋಗಿ, ಸ್ಕ್ರೀನ್‌ನಲ್ಲಿ ಬರೋ ಸಾಲಿನ ನಂಬರ್‌ಗೂ ಪುಟದಲ್ಲಿರೋ ನಂಬರ್‌ಗೂ ಎಲ್ಲಿ ತಾಳೆ ಆಗಲ್ವೋ ಅಲ್ಲಿ ಪುಟನ ತಿದ್ದಿ.