ತೋರಿಸೋದು 91%, ಚಾರ್ಜರ್ ಕಿತ್ತರೆ ಕತ್ತಲೆ

ಮಂಡ್ಯದಲ್ಲಿ ಸಂಜೆ ಹೊತ್ತು ಕರೆಂಟ್ ಹೋಗೋದು ಹೊಸದೇನಲ್ಲ. ಅವತ್ತು ಮಾತ್ರ ಕರೆಂಟ್ ಜೊತೆಗೇ ನನ್ನ ಲ್ಯಾಪ್‌ಟಾಪೂ ಹೋಯಿತು. ಮೂಲೆಯಲ್ಲಿ ಬ್ಯಾಟರಿ 91% ಅಂತ ತೋರಿಸುತ್ತಿತ್ತು! ಕರೆಂಟ್ ಬಂದ ಮೇಲೆ ಬೇಕಂತಲೇ ಚಾರ್ಜರ್ ಕಿತ್ತೆ. ಪಟ್ ಅಂತ ಆರಿತು.

ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ “ಮದರ್‌ಬೋರ್ಡ್ ಹೋಗಿದೆ ಸಾರ್” ಅಂದರು. ನಂಬೋಕೆ ಮನಸ್ಸಾಗಲಿಲ್ಲ.

ಮೊದಲು ಖರ್ಚಿಲ್ಲದ ಕೆಲಸ. ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡೋ ಕಿಟಕಿಯಲ್ಲಿ, ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಕೊಟ್ಟೆ (ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು). ವಿಂಡೋಸ್ ಒಂದು ವರದಿ ಬರೆದುಕೊಟ್ಟಿತು. ಹೊಸದಿದ್ದಾಗ 41,000 ಮಿಲಿವ್ಯಾಟ್-ಗಂಟೆ ಹಿಡಿಯುತ್ತಿದ್ದ ಬ್ಯಾಟರಿ ಈಗ ಹಿಡಿಯೋದು 17,000. ಅಂದರೆ ಆ 91%, ಉಳಿದಿರೋ ಅಷ್ಟರಲ್ಲಿ 91%.

ಆದರೂ 17,000 ಇದ್ದರೆ ಒಂದು ಗಂಟೆಯಾದರೂ ಓಡಬೇಕಲ್ವಾ? ಇದೇ ತಲೆ ತಿಂದದ್ದು. ಚಾರ್ಜರ್ ಇಲ್ಲದೆ ಆನ್ ಮಾಡಿ ಬಯಾಸ್ ಪರದೆಯಲ್ಲಿ (ವಿಂಡೋಸ್ ಏಳೋಕೆ ಮುಂಚಿನ ಸೆಟ್ಟಿಂಗ್ ಪರದೆ) ಸುಮ್ನೆ ಬಿಟ್ಟೆ. ಹತ್ತು ನಿಮಿಷ ನಿಂತಿತು! ವಿಂಡೋಸ್ ಏಳುವಾಗ ಆರಿತು. ಬ್ಯಾಟರಿಯಿಂದ ಬೋರ್ಡಿಗೆ ಕರೆಂಟ್ ಬರುತ್ತಿದೆ, ಭಾರ ಜಾಸ್ತಿಯಾದಾಗ ಕೈಕೊಡುತ್ತಿದೆ ಅಂತ ಅರ್ಥವಾಯಿತು. ನನ್ನ ಬ್ಯಾಟರಿಯಲ್ಲಿ ಮೂರು ಸೆಲ್ ಸಾಲಾಗಿವೆ. ಒಂದು ಸೋತರೂ ಭಾರ ಬಿದ್ದಾಗ ಅದರ ವೋಲ್ಟೇಜ್ ಕುಸಿಯುತ್ತದೆ, ಒಳಗಿನ ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಒಂದು ಎತ್ತು ಮಲಗಿದರೆ ಗಾಡಿಯೇ ನಿಂತ ಹಾಗೆ.

ಹಿಂಬದಿ ಬಿಚ್ಚಿದೆ. ಒಂದು ಸ್ಕ್ರೂ ರಬ್ಬರ್ ಕಾಲಿನ ಅಡಿ ಅಡಗಿತ್ತು, ಅದಕ್ಕೇ ಕಾಲು ಗಂಟೆ ಹೋಯಿತು. ಬ್ಯಾಟರಿ ಕನೆಕ್ಟರ್ ಕಿತ್ತು ಮತ್ತೆ ಕೂರಿಸಿ ನೋಡಿದೆ, ಅದೇ ಕಥೆ. ಕೊನೆಗೆ ಬ್ಯಾಟರಿ ಹೊರಗೆ ತೆಗೆದು ವೋಲ್ಟೇಜ್ ಅಳೆಯೋ ಮೀಟರ್ ಇಟ್ಟರೆ 0 ತೋರಿಸಿತು. ಇದಕ್ಕೆ ಮೋಸಹೋಗಬೇಡಿ: ಬೋರ್ಡಿನಿಂದ ಬಿಡಿಸಿದರೆ ಎಷ್ಟೋ ಬ್ಯಾಟರಿಗಳು ಕರೆಂಟ್ ಹೊರಗೆ ಬಿಡದೆ ತಾವೇ ಬಾಗಿಲು ಹಾಕಿಕೊಳ್ಳುತ್ತವೆ. ಆದರೆ ಬೆಳಕಿಗೆ ಹಿಡಿದಾಗ ನಡುವಿನ ಸೆಲ್ ಸ್ವಲ್ಪ ಊದಿಕೊಂಡಿದ್ದು ಕಂಡಿತು. ಅಲ್ಲಿಗೆ ಪರೀಕ್ಷೆ ನಿಲ್ಲಿಸಿದೆ.

ಹೊಸದನ್ನು ಲ್ಯಾಪ್‌ಟಾಪ್ ಮಾಡೆಲ್ ನೋಡಿ ಕೊಳ್ಳಲಿಲ್ಲ, ಹಳೆಯ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ತಾಳೆ ಹಾಕಿ ತಂದೆ. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆ ಇರುತ್ತವೆ. ಹಾಕಿ ಚಾರ್ಜರ್ ಕಿತ್ತೆ. ಮೂರು ಗಂಟೆ ಓಡಿತು. ಹಳೆಯದನ್ನು ಕಸದ ಗಾಡಿಗೆ ಹಾಕಲಿಲ್ಲ. ಊದಿದ ಲಿಥಿಯಂ ಸೆಲ್‌ಗೆ ಏನಾದರೂ ಚುಚ್ಚಿದರೆ ಹೊತ್ತಿಕೊಳ್ಳಬಹುದು. ಹೊಸದು ಮಾರಿದವರೇ ಅದನ್ನು ವಾಪಸ್ ಇಟ್ಟುಕೊಂಡರು.